ಷರೀಫರ ಪದಕ್ಕೆ ಗಿಟಾರಿನ ಮೇಳ

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಮೇಲ್ಮುದ್ದಿ ಮನೆಗಳು ಇನ್ನೂ ಉಳಿದಿವೆ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲ ಹಿಡಿಯುವ ಮೊದಲು ಮಾಳಿಗೆ ಹತ್ತಿ ಸವಳು ಮಣ್ಣು ಹರಡದಿದ್ದರೆ, ರಾತ್ರಿಯೆಲ್ಲ ಸೋರುವಲ್ಲಿ ಬೋಗುಣಿ ಇಡುತ್ತ ಕೂರಬೇಕು. ಶಿಶುನಾಳ ಷರೀಫರ (1819–1889) ಸೋರುವ ಮಾಳಿಗೆಯ ಪದದ ಒಳಾರ್ಥ ತಿಳಿಯುವ ಮೊದಲೇ ಹೊರಗಿನ ಅರ್ಥ ಇಲ್ಲಿಯವರ ಮೈಗೆ ತಾಗಿರುತ್ತದೆ.

2008ರಲ್ಲಿ ಆ ಪದ ಆಲ್ಬಮೊಂದರಲ್ಲಿ ಗಿಟಾರು, ಡ್ರಮ್ಸು, ಪಿಟೀಲಿನ ಜೊತೆ ಕೇಳಿಬಂತು. ಹಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತು ಆಮೇಲೆ ಗಿಟಾರು ಹಿಡಿದವರು. ಈಗಲೂ ವೇದಿಕೆ ಹತ್ತಿದರೆ ಕಾಲಲ್ಲಿ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ. ‘ಅಂತರಾಗ್ನಿ’ ತಂಡದಿಂದ ಬೆಳೆದ ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಂ ಅದು, ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮ ಸಂಸ್ಥೆಯಿಂದ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಗುಡುಗುಡಿಯ ಪದವೂ ಇದೆ.

ರಾಕ್ ಎಂದ ಕೂಡಲೇ ಹಿರಿಯರು ಕಿವಿ ಮುಚ್ಚಿಕೊಳ್ಳಬೇಕಿಲ್ಲ. ನಮ್ಮ ಮಠದ ಅಮಾವಾಸ್ಯೆ ಭಜನೆಯನ್ನು ನೆನೆಸಿಕೊಳ್ಳಿ. ಏಕತಾರಿಯ ಒಂದೇ ತಂತಿ ಶ್ರುತಿ ಬಿಡದೆ ಮಿಡಿಯುತ್ತಿರುತ್ತದೆ. ಹಾರ್ಮೋನಿಯಂ ಮುಂದಿಟ್ಟುಕೊಂಡವರು ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಒಕ್ಕೊರಲಿನಿಂದ ಹಿಡಿದುಕೊಳ್ಳುತ್ತಾರೆ. ದಮ್ಮಡಿ, ತಾಳ ಮೆಲ್ಲಗೆ ಶುರುವಾಗಿ ಕಡೆಯ ನುಡಿಗೆ ಬರುವ ಹೊತ್ತಿಗೆ ಮೇಳವೇ ಎದ್ದು ನಿಂತಿರುತ್ತದೆ. 1950ರ ದಶಕದ ಅಮೆರಿಕದಲ್ಲಿ ರೂಪುಗೊಂಡ ರಾಕ್ ಅಂಡ್ ರೋಲ್‌ನ ಬೇರು ಕರಿಯರ ಬ್ಲೂಸಿನಲ್ಲಿ, ಚರ್ಚಿನ ಹಾಡಿಕೆಯಲ್ಲಿದೆ. ಅಲ್ಲಿಯೂ ಒಬ್ಬರು ಕೂಗಿದರೆ ಸಭೆ ಓಗೊಡುತ್ತದೆ. ಗುಡುಗುಡಿಯ ಪದ ಬ್ಯಾಂಡಿನ ಓಟಕ್ಕೆ ಅಷ್ಟು ಸಲೀಸಾಗಿ ಒಗ್ಗಿದ್ದು ಇದರಿಂದಲೇ ಎಂದು ನನ್ನ ನಂಬಿಕೆ.

ಇದಕ್ಕೂ ಮೊದಲು ಷರೀಫರನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದ ಸಂಗೀತ ಅವರದೇ. ಅಶ್ವಥ್ ಅವರಲ್ಲಿ ಮಾತು ಮುಂದು, ವಾದ್ಯ ಹಿಂದು, ಒಂದಕ್ಷರ ಮಸುಕಾಗದು. ರಘು ಅವರಲ್ಲಿ ವೇಗ ಕೆಲವೊಮ್ಮೆ ಮಾತನ್ನು ದಾಟಿ ಹೋಗುತ್ತದೆ, ಆದರೆ ಕೂಡಿ ಹಾಡುವ ಹುಮ್ಮಸ್ಸು ಅಲ್ಲಿ ಹೆಚ್ಚು. ಭಜನೆಗೆ ಬೇಕಾದದ್ದೂ ಅದೇ.

1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಮೆರವಣಿಗೆಯ ಬ್ಯಾಂಡಿನ ಹಿಂದೆ ಮನೆ ಮರೆತು ನಡೆದುಬಿಡುತ್ತಿದ್ದರಂತೆ. ವಾದ್ಯದ ಸದ್ದು ಕೇಳಿದರೆ ಹಿಂಬಾಲಿಸುವ ಸೀಮೆ ಇದು. ಇಲ್ಲಿನ ಭಜನಾ ತಂಡದ ಹುಡುಗರು ರಘು ಅವರ ಈ ಆಲ್ಬಮನ್ನು ಕೇಳಲೇಬೇಕು. ಮುಂದೆ 2013ರ ‘ಜಗ್ ಚಂಗಾ’ ಆಲ್ಬಮಿನಲ್ಲೂ ಷರೀಫರಿದ್ದಾರೆ: ಕೋಳಿ ಕೋಡಗನನ್ನು ನುಂಗುವ ಪದ, ಎಲ್ಲ ಮೇಳಕ್ಕೂ ಬಾಯಿಪಾಠವಾಗಿರುವಂಥದು.