ಫ್ರಾನ್ಸಿನ ಹಳ್ಳಿಯ ಕೆರೆಗೆ ಗಾಳ ಹಾಕುವ ಮುನ್ನ

ಕರ್ನಾಟಕದ ಕೆರೆಗಳಲ್ಲೂ ಸಾಕುವ ಸಾಮಾನ್ಯ ಗೆಂಡೆ, ಜೊತೆಗೆ ಟೆಂಚ್, ಬ್ರೀಮ್, ರೋಚ್: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಗಾಳಕ್ಕೆ ಬೀಳುವ ಮೀನುಗಳಿವು. ಟ್ರೌಟ್, ಸಾಲ್ಮನ್‌ಗಳಿಗಿರುವ ಪ್ರತಿಷ್ಠೆ ಇವಕ್ಕಿಲ್ಲ. ದಡದಲ್ಲಿ ಜನಸಂದಣಿಯೂ ಇರುವುದಿಲ್ಲ. ಹಾಗಾಗಿ ಹೇಳುವವರಿಲ್ಲ ಕೇಳುವವರಿಲ್ಲ ಎಂದು ಹೊರಗಿನವರು ಅಂದುಕೊಳ್ಳುವುದುಂಟು.

ತಪ್ಪು ಕಲ್ಪನೆ 1: ಇವು ತಾವಾಗಿ ನಿಂತ ನೀರು.
ವಾಸ್ತವ: ಲಿಯಾನ್ ನಗರದ ಈಶಾನ್ಯಕ್ಕಿರುವ ದೋಂಬ್ ಸೀಮೆಯನ್ನು ನೋಡಿ. ಅಲ್ಲಿನ ಸುಮಾರು 1,200 ಕೆರೆಗಳು ಜನ ಏರಿ ಹಾಕಿ ಕಟ್ಟಿದವು. ಆ ಕೆಲಸ ಮಧ್ಯಯುಗದಲ್ಲೇ ಶುರುವಾಗಿತ್ತು. ಕೆಲವು ವರ್ಷ ನೀರು ನಿಲ್ಲಿಸಿ ಗೆಂಡೆ ಬೆಳೆಸುತ್ತಾರೆ. ಆಮೇಲೆ ತೂಬು ತೆಗೆದು, ಮೀನು ಹಿಡಿದು, ಒಂದು ವರ್ಷ ಕೆರೆಯಂಗಳದಲ್ಲೇ ಓಟ್ಸ್ ಅಥವಾ ಮುಸುಕಿನ ಜೋಳ ಬಿತ್ತುತ್ತಾರೆ.

ತಪ್ಪು ಕಲ್ಪನೆ 2: ಮೀನುಗಾರಿಕೆ ಕಾರ್ಡ್ ಒಂದಿದ್ದರೆ ಎಲ್ಲಿಯೂ ಗಾಳ ಹಾಕಬಹುದು.
ವಾಸ್ತವ: ಹೊಳೆ, ತೊರೆಗಳೊಂದಿಗೆ ಮೀನು ಓಡಾಡಬಲ್ಲ ಮುಕ್ತ ನೀರಿಗೆ ಕಾರ್ಡ್ ಕಡ್ಡಾಯ, ಸ್ಥಳೀಯ ಗಾಳಗಾರರ ಸಂಘಗಳ ಮೂಲಕ ಅದು ಸಿಗುತ್ತದೆ. ಹೊರಗಿನ ಹರಿವಿಗೆ ಮೀನು ದಾಟಲಾಗದ ಖಾಸಗಿ ಕೆರೆಗೆ ಕಾರ್ಡ್ ಬೇಡ, ಆದರೆ ಅಲ್ಲಿನ ಮೀನು ಮಾಲೀಕರ ಸ್ವತ್ತು. ಅವರ ಒಪ್ಪಿಗೆ ಬೇಕೇ ಬೇಕು. ಮುಂದಿನ ಎರಡು ಅಂಶಗಳ ನಿಯಮಗಳು ಮುಕ್ತ ನೀರಿಗೆ ಸೇರಿದವು.

ತಪ್ಪು ಕಲ್ಪನೆ 3: ಗೆಂಡೆಗಾಗಿ ಬೆಳಗಿನವರೆಗೆ ಕೂರಬಹುದು.
ವಾಸ್ತವ: ಸೂರ್ಯೋದಯದ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಸಾಮಾನ್ಯ ಅವಕಾಶ. ರಾತ್ರಿ ಗೆಂಡೆ ಹಿಡಿಯಲು ಗುರುತಿಸಿದ ಜಾಗಗಳೇ ಬೇರೆ. ಅಲ್ಲೂ ಸಿಕ್ಕ ಗೆಂಡೆಯನ್ನು ರಾತ್ರಿ ಇಟ್ಟುಕೊಳ್ಳುವಂತಿಲ್ಲ.

ತಪ್ಪು ಕಲ್ಪನೆ 4: ಹಿಡಿದದ್ದನ್ನೆಲ್ಲ ನೀರಿಗೆ ಬಿಟ್ಟರೆ ಒಳ್ಳೆಯದೇ.
ವಾಸ್ತವ: ಗೆಂಡೆಯ ಮಟ್ಟಿಗೆ ಸರಿ. ಒದ್ದೆ ಹಾಸಿನ ಮೇಲೆ ಮಲಗಿಸಿ, ಕೊಕ್ಕೆ ಬಿಡಿಸಿ ವಾಪಸು ಬಿಡುವ ರೂಢಿಯಿದೆ. ಹವ್ಯಾಸಿಗಳು 60 ಸೆಂ.ಮೀ. ಮೀರಿದ ಗೆಂಡೆಯನ್ನು ಜೀವಂತವಾಗಿ ಸಾಗಿಸುವುದು ಅಪರಾಧ. ದೈತ್ಯ ಗೆಂಡೆಗಳನ್ನು ಖಾಸಗಿ ಕೆರೆಗಳಿಗೆ ಮಾರುವ ಕಳ್ಳದಂಧೆಗೆ ಇದು ಕಡಿವಾಣ. ಆದರೆ ಉತ್ತರ ಅಮೆರಿಕದಿಂದ ಬಂದು ನೆಲೆಯೂರಿದ ಬ್ಲ್ಯಾಕ್ ಬುಲ್‌ಹೆಡ್, ಪಂಪ್ಕಿನ್‌ಸೀಡ್ ಸಿಕ್ಕರೆ ಮರಳಿ ಬಿಡುವಂತಿಲ್ಲ. ಸ್ಥಳೀಯ ಜೀವಸಮತೋಲನವನ್ನು ಕೆಡಿಸುವ ಜಾತಿಗಳ ಪಟ್ಟಿಯಲ್ಲಿ ಅವು ಇವೆ.

ತಪ್ಪು ಕಲ್ಪನೆ 5: ಮಾತಾಡಿದರೆ ಮೀನು ಓಡುತ್ತದೆ.
ವಾಸ್ತವ: ಗಾಳಿಯಲ್ಲಿ ಬಂದ ಸದ್ದು ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಕ್ಕೆ ಹೋಗುತ್ತದೆ. ಕಾಲ ಸಪ್ಪಳ ಹಾಗಲ್ಲ. ನೆಲದ ಮೂಲಕ ನೀರಿಗಿಳಿಯುತ್ತದೆ. ಒಳಕಿವಿ ಮತ್ತು ಮೈಯುದ್ದದ ಪಾರ್ಶ್ವರೇಖೆಯಿಂದ ಮೀನು ಆ ಕಂಪನವನ್ನು ಹಿಡಿಯುತ್ತದೆ. ಮೆಲ್ಲಗೆ ಹರಟೆ ಹೊಡೆಯಲು ಅಡ್ಡಿಯಿಲ್ಲ. ದಡದಗುಂಟ ದಪದಪ ಓಡಾಡಬೇಡಿ.