ಗಲ್ಫಿಗೆ ಹೋಗುವ ಮನೆಗೆಲಸದವರೂ ವಲಸೆ ಕಚೇರಿಯೂ

ಸಾರಕ್ಕಿ, ತಾವರೆಕೆರೆ, ಬನಶಂಕರಿ ಕಡೆ ಮನೆಗೆಲಸ ಮಾಡುವ ಅಕ್ಕತಂಗಿಯರ ಬಾಯಲ್ಲಿ ಕುವೈತ್, ಮಸ್ಕತ್ ಎಂಬ ಹೆಸರು ಆಗಾಗ ಬರುತ್ತದೆ. ಸಾಲ ತೀರಬೇಕು, ಮಗಳ ಮದುವೆ ಆಗಬೇಕು. ಹೋಗುವುದರಲ್ಲಿ ತಪ್ಪೇನಿಲ್ಲ. ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದು ಮುಖ್ಯ.

ಸರ್ಕಾರಿ ಕಚೇರಿ ಸುಧಾರಿಸುವುದೇ ಇಲ್ಲ ಎನ್ನುವಂತಿಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಪ್ರಯೋಗ 2010ರಲ್ಲಿ ಶುರುವಾದದ್ದು ನಮ್ಮ ಕರ್ನಾಟಕದಲ್ಲೇ. ಈಗ ಕೇಂದ್ರಕ್ಕೆ ಗೊತ್ತುಮಾಡಿದ ಹೊತ್ತಿಗೆ ಹೋಗಿ, ಟೋಕನ್ ಪಡೆದು ಕೆಲಸ ಮುಗಿಸಿಕೊಂಡು ಬರಬಹುದು. ಅರ್ಜಿ ಹಾಕುವಾಗ ಎಸ್.ಎಸ್.ಎಲ್.ಸಿ. ಪಾಸಾದವರು ಅದರ ದಾಖಲೆ ಕೊಡಲು ಮರೆಯಬೇಡಿ. ಕೊಡದಿದ್ದರೆ ನಿಮ್ಮ ಪಾಸ್‌ಪೋರ್ಟೂ ‘ಇ.ಸಿ.ಆರ್.’ ಆಗಿಬಿಡುತ್ತದೆ. ಅಂದರೆ ವಲಸೆ ತಪಾಸಣೆ ಬೇಕು ಎಂದರ್ಥ.

ಇ.ಸಿ.ಆರ್. ಪಾಸ್‌ಪೋರ್ಟಿನವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ‘ವಲಸಿಗರ ರಕ್ಷಣಾಧಿಕಾರಿ’ಯ ಒಪ್ಪಿಗೆ ಬೇಕು. ಇದು 1983ರ ವಲಸೆ ಕಾಯಿದೆ. ಸಂಬಳವೆಷ್ಟು, ಕರಾರುಪತ್ರ ಇದೆಯೇ, ವಿಮೆ ಮಾಡಿಸಿದೆಯೇ ಎಂದು ಬಡವರ ಪರವಾಗಿ ನೋಡಬೇಕಾದ ಕಚೇರಿ ಅದು. ಆದರೆ ಎಷ್ಟೋ ವರ್ಷ ಆದದ್ದೇ ಬೇರೆ. ಹೋಗುವಾಕೆ ಆ ಕಚೇರಿಯನ್ನೇ ಕಂಡಿರಲಿಲ್ಲ, ಕಾಗದವೆಲ್ಲ ಏಜೆಂಟರ ಕೈಯಲ್ಲಿ. ಲಂಚದ ಮೇಲೆ ಸಿ.ಬಿ.ಐ. ಮೊಕದ್ದಮೆಗಳೂ ಆದವು. ಆಮೇಲೆ ‘ಇ-ಮೈಗ್ರೇಟ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದು ಮಾಲೀಕ, ಏಜೆಂಟ್, ಕೆಲಸಗಾರ ಮೂವರ ವಿವರವೂ ಒಂದೇ ಕಡೆ ಸೇರಿತು. ಒಳ್ಳೆಯದೇ ಆಯಿತು.

ಮಹಿಳೆಯರ ನಿಯಮ ಮಾತ್ರ ಎಡವಟ್ಟಾಗಿಯೇ ಉಳಿದಿದೆ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣುಮಗಳಿಗೆ 30 ವರ್ಷ ತುಂಬದಿದ್ದರೆ ಮನೆಗೆಲಸಕ್ಕೆ ಒಪ್ಪಿಗೆ ಇಲ್ಲ. ತುಂಬಿದವರೂ ಸರ್ಕಾರದ ಕೆಲವು ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕೆಂದು 2016ರಲ್ಲಿ ಕಟ್ಟುಮಾಡಿದರು. ಉದ್ದೇಶ ರಕ್ಷಣೆ. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದವಳು ವಯಸ್ಸು ತುಂಬಲಿ ಎಂದು ಕಾಯುತ್ತಾಳೆಯೇ? ಬ್ರೋಕರ್ ಬಂದು “ವಿಸಿಟ್ ವೀಸಾದಲ್ಲಿ ಹೋಗಮ್ಮಾ, ಅಲ್ಲಿ ಬದಲಾಯಿಸ್ತಾರೆ” ಅನ್ನುತ್ತಾನೆ. ಆ ವೀಸಾಗೆ ತಪಾಸಣೆಯಿಲ್ಲ, ಕರಾರಿಲ್ಲ, ವಿಮೆಯಿಲ್ಲ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡರೆ, ಸಂಬಳ ಕೊಡದಿದ್ದರೆ, ಈಕೆ ಕೆಲಸಕ್ಕೆ ಹೋದವಳೆಂಬ ದಾಖಲೆಯೇ ನಮ್ಮ ಕಚೇರಿಯಲ್ಲಿರುವುದಿಲ್ಲ. ಬಾಗಿಲು ಮುಚ್ಚಿದರೆ ಹೆಂಗಸರು ಹಿತ್ತಲಿಂದ ಹೋಗುತ್ತಾರೆ. ಹಾಗಾಗಿ ತಡೆಯುವುದನ್ನು ಬಿಟ್ಟು ದಾಖಲಿಸಿ ಕಳಿಸುವ ಕಚೇರಿ ಬೇಕು, ಕನ್ನಡದಲ್ಲಿ ತರಬೇತಿ ಕೊಡುವ ಕಚೇರಿ ಬೇಕು. ಬೀದಿ ಬ್ರೋಕರನ ಮೇಲೆ ಕಣ್ಣಿಡುವುದಂತೂ ಬೇಕೇ ಬೇಕು. ಹಳೆಯ ಕಾಯಿದೆ ಬದಲಿಸಲು 2021ರಲ್ಲಿ ಒಂದು ಕರಡು, 2025ರಲ್ಲಿ ಇನ್ನೊಂದು ಕರಡು ಸಾರ್ವಜನಿಕರ ಮುಂದೆ ಬಂದವು. ಅಂಥ ಕರಡುಗಳಿಗೆ ಅಭಿಪ್ರಾಯ ಬರೆಯುವವರಲ್ಲಿ ಮನೆಗೆಲಸದವರ ಸಂಘಗಳೂ ಇರಬೇಕು.

ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟಿನಲ್ಲಿ ನೋಡಬಹುದು, ಮಕ್ಕಳ ಕೈಲಿ ಮೊಬೈಲಿನಲ್ಲೇ ನೋಡಿಸಿ. ಆತ ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ., ಅದಕ್ಕೂ ರಸೀದಿ ಕೇಳಿ. ಕಾನೂನು ದಾರಿಯಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ವಿಮೆ ಇದೆ. ಹೊರಡುವ ಮುನ್ನ ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಜೆರಾಕ್ಸ್ ಒಂದು ಪ್ರತಿ ಮನೆಯಲ್ಲಿಡಿ. ಮಾಲೀಕನ ವಿಳಾಸ, ಫೋನ್ ನಂಬರನ್ನೂ ಅದರ ಹಿಂದೆ ಬರೆದಿಡಿ.