ಬಳಲಿದ ಮನಸ್ಸಿಗೆ ಗುರುವೂ ಬೇಕು, ವೈದ್ಯನೂ ಬೇಕು

ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಗ್ರಾಮದಲ್ಲಿ ಒಬ್ಬನಿಗೆ ಜ್ವರ ಬಂದಿತೆಂದರೆ ಸಂಜೆಯೊಳಗೆ ಕೇರಿಗೆಲ್ಲ ತಿಳಿದಿರುತ್ತದೆ. ನೆರೆಮನೆಯ ತಾಯಿ ಗಂಜಿ ಕಾಯಿಸಿ ತರುತ್ತಾಳೆ. ಯಾರಾದರೊಬ್ಬರು ಹರಿಹರದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅದೇ ಮನುಷ್ಯನ ಮನಸ್ಸು ಕುಸಿದಾಗಲಾದರೋ ಮನೆಯ ಕದ ಮುಚ್ಚಿಕೊಳ್ಳುತ್ತದೆ. ಮಗಳ ಮದುವೆಯ ಮಾತುಕತೆ ನಡೆದಿದೆ, ಸುದ್ದಿ ಹೊರಗೆ ಹೋಗಬಾರದೆಂದು ಹಿರಿಯರು ಪಿಸುಗುಟ್ಟುತ್ತಾರೆ. ಗದ್ದೆಗೆ ಹೋಗದೆ ಪಡಸಾಲೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದವನಿಗೆ ಸೋಮಾರಿ ಎಂಬ ಹೆಸರು ಬೀಳುತ್ತದೆ.

ಆ ಹೆಸರಿಗಿಂತ ನೋವಿನದು ಅವನ ಒಳಗೇ ನಡೆಯುವ ವಿಚಾರಣೆ. ದೈವಭಕ್ತನಾದ ಮನುಷ್ಯ ತನ್ನನ್ನು ತಾನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವನಲ್ಲ, ಆದರೂ ಮನಸ್ಸಿಗೆ ಶಾಂತಿಯಿಲ್ಲ. ಹಾಗಾದರೆ ತನ್ನ ಭಕ್ತಿಯೇ ಸುಳ್ಳಾಗಿರಬೇಕು, ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಅವನು ತೀರ್ಮಾನಿಸುತ್ತಾನೆ. ಈ ತೀರ್ಮಾನವು ಸತ್ಯವಲ್ಲ. ಅದು ರೋಗದ ಒಂದು ಲಕ್ಷಣ. ಕಾಮಾಲೆಯಾದವನಿಗೆ ಕಣ್ಣು ಹಳದಿಯಾಗುವಂತೆ, ಖಿನ್ನತೆಯಾದವನಿಗೆ ತನ್ನ ಬೆಲೆ ತನಗೆ ಕಾಣದಾಗುತ್ತದೆ.

‘ಖಿನ್ನ’ ಎಂಬ ಶಬ್ದವು ‘ಖಿದ್’ ಧಾತುವಿನಿಂದ ಬಂದುದು. ಬಳಲುವುದು, ಕುಗ್ಗುವುದು ಎಂಬುದು ಅದರ ಅರ್ಥ. ಹಿಂದಿನವರು ಆ ಹೆಸರನ್ನಿಟ್ಟುದು ಬಹು ಉಚಿತವಾಗಿದೆ. ಬೆಳೆ ಹೋದಾಗ, ಬಂಧುವಿಯೋಗವಾದಾಗ ದುಃಖಪಡುವುದು ಸಹಜಧರ್ಮ. ಅದನ್ನು ಯಾರೂ ರೋಗವೆನ್ನುವುದಿಲ್ಲ. ಆದರೆ ಎರಡು ವಾರಗಳಿಗೂ ಮೀರಿ, ದಿನದ ಬಹುಭಾಗ ಮನಸ್ಸು ಮಂಕಾಗಿರುವುದು, ಮೊದಲು ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿ ಹುಟ್ಟದಿರುವುದು, ಇನ್ನೂ ಕತ್ತಲಿರುವಾಗಲೇ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿರುವುದು, ಅನ್ನ ಸೇರದಿರುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ ಬಿಡದೆ ಕಾಡುವುದು, ಇವು ಕೂಡಿ ಬಂದಾಗ ವೈದ್ಯರು ಅದನ್ನು ಖಿನ್ನತೆಯೆಂದು ಗುರುತಿಸುತ್ತಾರೆ. ಹಳ್ಳಿಗಾಡಿನಲ್ಲಿ ಇದು ಅನೇಕ ವೇಳೆ ದೇಹದ ಭಾಷೆಯಲ್ಲಿಯೇ ಮಾತನಾಡುತ್ತದೆ: ಎದೆ ಭಾರ, ತಲೆ ಉರಿ, ಕೈಕಾಲಿನ ಸೋಲು. ಮದ್ದಿನಂಗಡಿಯ ಶಕ್ತಿಯ ಗುಳಿಗೆಗಳಿಗೆ ಹಣ ಸುರಿದರೂ ಸೋಲು ತಗ್ಗದಿದ್ದಾಗ ಮನಸ್ಸಿನ ಕಡೆಗೆ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ದೈವಕ್ಕೂ ವೈದ್ಯಕ್ಕೂ ವಿರೋಧವಿದೆಯೆಂಬ ಭ್ರಮೆ ಪ್ರಾಚೀನರಿಗೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯನ್ನು ಮೂರು ಬಗೆಯೆಂದು ಹೇಳಿದೆ. ಮಂತ್ರ, ಪೂಜೆ, ನಿಯಮಗಳನ್ನು ಆಶ್ರಯಿಸುವುದು ದೈವವ್ಯಪಾಶ್ರಯ. ಆಹಾರ ಔಷಧಗಳನ್ನು ಯೋಜಿಸುವುದು ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು ಸತ್ತ್ವಾವಜಯ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಆಚಾರ್ಯನು ಒಂದನ್ನು ಹಿಡಿದವನು ಉಳಿದೆರಡನ್ನು ಬಿಡಬೇಕೆಂದು ವಿಧಿಸಲಿಲ್ಲ. ಇಂದು ಆಪ್ತಸಲಹೆಯೆಂದು ಕರೆಯುವ ಕ್ರಮವು ಸತ್ತ್ವಾವಜಯಕ್ಕೆ ತೀರ ದೂರದ್ದಲ್ಲ.

ಶರಣಸಾಹಿತ್ಯದಲ್ಲಿ ಇದರ ನಿದರ್ಶನ ಇನ್ನೂ ಸಮೀಪದಲ್ಲಿದೆ. ಶೂನ್ಯಸಂಪಾದನೆಯ ಮುಕ್ತಾಯಕ್ಕನ ಪ್ರಸಂಗವನ್ನು ಅಧ್ಯಾಪಕರು ಬಹುಮಟ್ಟಿಗೆ ತತ್ತ್ವಸಂವಾದವೆಂದೇ ಪಾಠ ಹೇಳುತ್ತಾರೆ. ಅದು ತಪ್ಪಲ್ಲ, ಆದರೆ ಅದಕ್ಕೆ ಮೊದಲು ಅದು ಒಬ್ಬ ಶೋಕತಪ್ತೆಯ ಕಥೆ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಆಕೆ ದುಃಖದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭು ತಾನಾಗಿಯೇ ಅಲ್ಲಿಗೆ ಬರುತ್ತಾನೆ. ಯಾರು ನೀನು, ಏತಕ್ಕಾಗಿ ಈ ಅಳಲು ಎಂದು ವಿಚಾರಿಸುತ್ತಾನೆ. ಆಕೆ ಹೇಳುತ್ತಾಳೆ, ಅವನು ಉತ್ತರಿಸುತ್ತಾನೆ, ಆಕೆ ಒಪ್ಪದೆ ಎದುರಾಡುತ್ತಾಳೆ. ಅವನ ಮಾತಿನಲ್ಲಿಯೇ ದೋಷವನ್ನು ಹಿಡಿಯುತ್ತಾಳೆ. ಪ್ರಭುವು ಮುನಿದು ಎದ್ದುಹೋಗುವುದಿಲ್ಲ. ಸಂವಾದವು ದೀರ್ಘವಾಗಿ ಸಾಗಿ, ಕಡೆಗೆ ಆಕೆಯೇ ನೆಲೆಯನ್ನು ಕಂಡುಕೊಳ್ಳುತ್ತಾಳೆ. ದುಃಖಿಯೊಬ್ಬಳಿಗೆ ಎದುರಾಡುವ ಅವಕಾಶವನ್ನಿತ್ತು ಕುಳಿತು ಕೇಳಿದ ಗುರು ಅವನು. ಅಳುತ್ತಿರುವವರಿಗೆ ಎರಡು ಹಿತೋಪದೇಶ ಹೇಳಿ ಕೈತೊಳೆದುಕೊಳ್ಳುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿಯೇ ಮರುಳಶಂಕರದೇವನ ಪ್ರಸಂಗವೂ ಇದೆ. ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ಬಹುಕಾಲ ಇದ್ದ ಆತನನ್ನು ಜನ ಮರುಳನೆಂದೇ ತಿಳಿದಿದ್ದರು. ಅಷ್ಟೊಂದು ಶರಣರು ಓಡಾಡುವ ಆ ಅಂಗಳದಲ್ಲಿ ಆತನ ಘನತೆ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಭುದೇವನು ಬಂದು ತೋರಿಸಿಕೊಡಬೇಕಾಯಿತು. ಶರಣನ ಮರುಳು ಬೇರೆ, ರೋಗದ ಮರುಳು ಬೇರೆ. ಎರಡನ್ನೂ ಕಲಸಿ ರೋಗಿಯನ್ನು ಅವಧೂತನೆಂದು ಪೂಜಿಸುವುದು ಅವನಿಗೆ ಮಾಡುವ ಅನ್ಯಾಯವೇ ಸರಿ. ಆದರೆ ಲೋಕ ಗುರುತಿಸದಿದ್ದ ಮಾತ್ರಕ್ಕೆ ಮನುಷ್ಯನ ಬೆಲೆ ಇಳಿಯುವುದಿಲ್ಲವೆಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ಸಾಕ್ಷಿ ಬೇಡ. ಲಿಂಗವನ್ನು ದೇಹದ ಮೇಲೆಯೇ ಧರಿಸುವ ಧರ್ಮದಲ್ಲಿ ದೇಹವೂ ಮನಸ್ಸೂ ದೇಗುಲ. ದೇಗುಲದ ಗೋಡೆ ಬಿರುಕು ಬಿಟ್ಟಾಗ ಕಲ್ಲುಕುಟಿಗನನ್ನು ಕರೆಸುವುದು ನಾಸ್ತಿಕತೆಯಾಗುವುದಿಲ್ಲ.

ಕಾಯಕತತ್ತ್ವದ ದುರ್ಬಳಕೆಯನ್ನೂ ಇಲ್ಲಿ ಹೇಳಬೇಕು. ಹಾಸಿಗೆ ಹಿಡಿದವನೆದುರು ಕಾಯಕದ ಮಹಿಮೆಯನ್ನು ಕೊಂಡಾಡಿದರೆ ಅದು ಉಪದೇಶವಲ್ಲ, ಬಾರುಕೋಲು. ಕಾಯಕದೊಂದಿಗೆ ಶರಣರು ದಾಸೋಹವನ್ನೂ ಹೇಳಿದರು. ದಾಸೋಹದಲ್ಲಿ ನೀಡುವವನಿಗೆ ಇರುವಷ್ಟೇ ಮಾನ ಪಂಕ್ತಿಯಲ್ಲಿ ಕುಳಿತು ಸ್ವೀಕರಿಸುವವನಿಗೂ ಉಂಟು. ನೆರವನ್ನು ಬೇಡುವುದು ಪಂಕ್ತಿಯಲ್ಲಿ ಕುಳಿತಂತೆ, ಅದರಲ್ಲಿ ಹೀನತೆಯಿಲ್ಲ.

ಕನ್ನಡ ನಾಡು ಈ ವಿಷಯದಲ್ಲಿ ಹಿಂದುಳಿದ ನಾಡಲ್ಲ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಕರಾವಳಿಯ ಕೋಟ ಗ್ರಾಮವನ್ನು ಕುರಿತು ಕಾರ್‌ಸ್ಟೇರ್ಸ್ ಮತ್ತು ಕಪೂರ್ ಎಂಬ ಮನೋವೈದ್ಯರು ನಡೆಸಿದ ಅಧ್ಯಯನವು 1976ರಲ್ಲಿ ಗ್ರಂಥವಾಗಿ ಹೊರಬಂದಿತು. ಅಲ್ಲಿಯ ಜನ ಮಂತ್ರವಾದಿಯ ಬಳಿಗೂ ವೈದ್ಯರ ಬಳಿಗೂ ಹೋಗುತ್ತಿದ್ದರು. ಎರಡರ ನಡುವೆ ಅವರಿಗೆ ಜಗಳವೇ ಕಂಡಿರಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸುವ ತರಬೇತಿಯನ್ನಿತ್ತಿತು. ಹರಿಹರಕ್ಕೆ ನೆರೆಯದಾದ ಹರಪನಹಳ್ಳಿ ತಾಲ್ಲೂಕು ಆಗ ಆ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಅನುಭವವೇ ಮಾದರಿಯಾಗಿ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಹೀಗೆ ದೇಶಕ್ಕೆ ದಾರಿ ತೋರಿಸಿದ ನೆಲ ಇಲ್ಲಿಗೆ ಕೂಗಳತೆಯಲ್ಲಿದೆ.

ಆದರೂ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಶ್ರದ್ಧೆಯು ಕಾಪಾಡಬಲ್ಲುದು, ಕೊಲ್ಲಲೂ ಬಲ್ಲುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸರೆ ಬಯಸಿ ಬಂದ ರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಗುಡಿಸಿಲಿಗೆ ಬೆಂಕಿ ಬಿದ್ದು 28 ಮಂದಿ ಮಡಿದರು. ಸರಪಳಿಯಲ್ಲಿ ಬಿಗಿದಿದ್ದುದರಿಂದ ಅವರಿಗೆ ಓಡಲು ಆಗಲಿಲ್ಲ. ಅದೇ ರಾಜ್ಯದ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿ ರೋಗಿಗಳನ್ನು ನಿಮ್ಹಾನ್ಸ್‌ನ ತಜ್ಞರು ಪರೀಕ್ಷಿಸಿ, ಅವರ ರೋಗಲಕ್ಷಣಗಳು ಗಣನೀಯವಾಗಿ ತಗ್ಗಿದುದನ್ನು 2002ರಲ್ಲಿ ಪ್ರಕಟಿಸಿದರು. ಅಲ್ಲಿ ಮನೆಯವರು ಜೊತೆಯಲ್ಲಿದ್ದರು, ದಿನಚರಿಯಿತ್ತು, ಆದರವಿತ್ತು. ಭೇದವಿರುವುದು ಧರ್ಮಗಳಲ್ಲಲ್ಲ, ಆದರದಲ್ಲಿ.

ಚಿಕಿತ್ಸೆಯ ಬಗೆಗೆ ಎರಡು ಮಾತು. ಖಿನ್ನತೆಗೆ ಕೊಡುವ ಔಷಧಗಳು ನಿದ್ರೆಯ ಗುಳಿಗೆಗಳಲ್ಲ. ಅವು ಮದ್ಯದಂತೆ ಚಟ ಹತ್ತಿಸುವುದಿಲ್ಲ. ಅವುಗಳ ಗುಣ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಬಹುಮಂದಿ ಎಂಟು ದಿನ ನುಂಗಿ ಗುಣವಿಲ್ಲವೆಂದು ಬಿಡುತ್ತಾರೆ. ಇನ್ನು ಕೆಲವರು ಗುಣ ಕಂಡೊಡನೆಯೇ ಬಿಡುತ್ತಾರೆ. ಎರಡೂ ತಪ್ಪು. ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ಇಳಿಸಬೇಕು. ಇಂತಹ ವಿಷಯಗಳನ್ನು ತಿಳಿಗನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದವರಲ್ಲಿ 2024ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಡಾ. ಸಿ. ಆರ್. ಚಂದ್ರಶೇಖರ್ ಅವರ ಹೆಸರು ಸ್ಮರಣೀಯವಾದುದು.

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಅಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. 1965ರಲ್ಲಿ ಸ್ಥಾಪಿತವಾದ ವೈದ್ಯಕೀಯ ಮಹಾವಿದ್ಯಾಲಯವಿದೆ; ಅದನ್ನು ಜನ ಜೆ.ಜೆ.ಎಂ. ಎಂದು ಮೊಟಕಾಗಿ ಕರೆಯುತ್ತಾರಾದರೂ ಅದು ಹೊತ್ತಿರುವುದು ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರ ಹೆಸರನ್ನು. ಮಠಾಧೀಶರೊಬ್ಬರ ನಾಮಧೇಯವೇ ಬಾಗಿಲ ಮೇಲಿರುವಾಗ ಆ ಬಾಗಿಲನ್ನು ದಾಟಿ ಮನೋರೋಗ ವಿಭಾಗಕ್ಕೆ ಹೋಗಲು ಭಕ್ತರು ಏಕೆ ನಾಚಬೇಕೋ ತಿಳಿಯದು. ಹೊರಡಲು ಧೈರ್ಯ ಸಾಲದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ. ಅದರ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.

ಪೊಲೀಸರ ಭಯದಿಂದ ವಿಷಯವನ್ನು ಮುಚ್ಚಿಡುವವರೂ ಇದ್ದಾರೆ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಒಳಗಾದವನೆಂದು ಭಾವಿಸಿ, ಅವನಿಗೆ ಆರೈಕೆ ನೀಡುವ ಹೊಣೆಯನ್ನು ಸರ್ಕಾರದ ಮೇಲಿರಿಸಿದೆ. ಆದುದರಿಂದ ಭಯಪಡದೆ ಕರೆತರಬಹುದು.

ವಿದ್ಯಾರ್ಥಿನಿಲಯಗಳಲ್ಲಿ ಈ ಕೆಲಸ ಅಧ್ಯಾಪಕರಿಂದಲೇ ಮೊದಲಾಗಬೇಕು. ಚುರುಕಾಗಿದ್ದ ಹುಡುಗ ಹಿಂದಿನ ಬೆಂಚಿಗೆ ಸರಿದರೆ, ಪ್ರಾರ್ಥನೆಗೆ ಬಂದರೂ ತುಟಿಯಾಡಿಸದಿದ್ದರೆ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡತೊಡಗಿದರೆ ಅವನನ್ನು ಒಂಟಿಯಾಗಿ ಕರೆದು ಕೂರಿಸಿಕೊಳ್ಳಬೇಕು. ಬದುಕೇ ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳಿದರೆ ಆ ವಿಚಾರವನ್ನು ತಲೆಗೆ ತುಂಬಿದಂತಾಗುವುದೆಂಬುದು ತಪ್ಪು ಕಲ್ಪನೆ; ಕೇಳಿದಾಗ ಬಹುಮಂದಿಗೆ ಎದೆ ಹಗುರಾಗುತ್ತದೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಮನೆಯವರಿಗೂ ತಿಳಿಸಬೇಕು. ಕೃಷಿಕರ ಮನೆಗಳಲ್ಲಿ ಕೀಟನಾಶಕಗಳನ್ನು ಬೀಗದೊಳಗಿರಿಸಿ ಕೀಲಿಯನ್ನು ಬೇರೊಬ್ಬರು ಇಟ್ಟುಕೊಂಡರೆ ಎಷ್ಟೋ ಜೀವ ಉಳಿಯುತ್ತದೆ.

ದಾನಿಗಳು ಕಟ್ಟಡಗಳಿಗೆ ಉದಾರವಾಗಿ ನೀಡಿದ್ದಾರೆ. ಗೋಡೆಯ ಮೇಲಿನ ಕಲ್ಲುಗಳೇ ಅದನ್ನು ಹೇಳುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಔಷಧ ಉಚಿತವಾಗಿಯೇ ಸಿಗುತ್ತದೆ. ಆದರೆ ಭಾನುವಳ್ಳಿಯ ಕೂಲಿಕಾರ್ಮಿಕಳೊಬ್ಬಳು ತಿಂಗಳಿಗೊಮ್ಮೆ ಮಗನನ್ನು ದಾವಣಗೆರೆಗೆ ಕರೆದೊಯ್ಯಬೇಕಾದರೆ ಆ ದಿನದ ಕೂಲಿ ಹೋಗುತ್ತದೆ, ಬಸ್ಸಿಗೂ ಊಟಕ್ಕೂ ಹಣ ಬೇಕು, ಚೀಟಿ ಮಾಡಿಸುವ ಕಿಟಕಿಯ ಬಳಿ ಜೊತೆಗೊಬ್ಬರು ಬೇಕು. ಇದಕ್ಕೆ ಕಲ್ಲು ಕೆತ್ತಿಸುವಷ್ಟು ಹಣವೂ ಬೇಕಾಗುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಸರದಿಯಂತೆ ತಿಂಗಳಿಗೊಬ್ಬರು ಬೆಳಗಿನ ಬಸ್ಸಿಗೆ ಬಂದು ಅವಳೊಡನೆ ಹೋಗಿಬಂದರೆ ಸಾಕು.